ಎಡಗಡೆಯ ಮೂರು ದೂರುಗಳು

ಟ್ಯಾಕ್ಸಿ ಚಾಲಕರ ಸಹಕಾರ ಸಂಘದಲ್ಲಿ ದೂರು ನೋಡಿಕೊಳ್ಳುವ ಹೆಂಗಸನ್ನು ಎಲ್ಲರೂ ದೂರಿನಕ್ಕ ಎಂದೇ ಕರೆಯುತ್ತಿದ್ದರು. ಹದಿನಾಲ್ಕು ವರ್ಷ ಟ್ಯಾಕ್ಸಿ ಓಡಿಸಿ ಸೊಂಟ ಕೈಕೊಟ್ಟ ಮೇಲೆ ಸದಸ್ಯರೆಲ್ಲ ಸೇರಿ ಅವಳನ್ನು ಆ ಕುರ್ಚಿಯಲ್ಲಿ ಕೂರಿಸಿದ್ದರು. ಕುರ್ಚಿ ಎಂದರೆ ಗುಜರಿಗೆ ಹೋದ ಕಾರಿನ ಮುಂದಿನ ಸೀಟು. ಬಡಗಿಯ ಕೈಯಲ್ಲಿ ನಾಲ್ಕು ಕಾಲು ಹೊಡೆಸಿದ್ದರು. ಕಚೇರಿ ಇದ್ದದ್ದು ಗ್ಯಾರೇಜಿನ ಮೇಲಿನ ಒಂದೇ ಒಂದು ಕೋಣೆಯಲ್ಲಿ. ಕೆಳಗೆ ಯಾರಾದರೂ ಇಂಜಿನ್ ಚಾಲೂ ಮಾಡಿದರೆ ಮೇಲೆ ಲೋಟದಲ್ಲಿನ ಚಹಾ ನಡುಗುತ್ತಿತ್ತು.

ದೂರುಗಳಿಗೇನು ಬರವಿರಲಿಲ್ಲ. ಒಬ್ಬ ಹಾಡು ಕಿವಿ ಹರಿಯುವ ಹಾಗೆ ಹಾಕುತ್ತಾನೆ, ಇನ್ನೊಬ್ಬ ದಾರಿಯುದ್ದಕ್ಕೂ ತನ್ನ ಮಾವನ ಮನೆಯವರನ್ನು ಬೈಯುತ್ತಾನೆ, ಮತ್ತೊಬ್ಬನ ಕಾರಿನಲ್ಲಿ ಬೆಕ್ಕಿನ ಕೂದಲು. ದೂರಿನಕ್ಕ ಎರಡೂ ಕಡೆಯ ಮಾತು ಕೇಳಿ, ಬೈಯುವುದಿದ್ದರೆ ಎದುರಿಗೇ ಹೊಟ್ಟೆ ತುಂಬ ಬೈದು, ದಂಡ ಹಾಕುವುದಿದ್ದರೆ ಹಾಕಿ, ಮರುಕ್ಷಣ ಅದೇ ಚಾಲಕನಿಗೆ ಚಹಾ ಬಗ್ಗಿಸಿ ಕೊಡುತ್ತಿದ್ದಳು. ಹಾಗಾಗಿ ಅವಳ ಮೇಲೆ ಯಾರೂ ಹಲ್ಲು ಮಸೆಯುತ್ತಿರಲಿಲ್ಲ.

ಒಂದು ಸೋಮವಾರ ಬಂದ ಕಾಗದ ಮಾತ್ರ ಅವಳ ಕೈ ಕಟ್ಟಿಹಾಕಿತು. ಅದು ಮೀಟರ್ ಮಾವನ ಮೇಲಿನ ಮೂರನೆಯ ದೂರು.

ಮೀಟರ್ ಮಾವ ಸಂಘ ಕಟ್ಟಿದ ಆರು ಜನರಲ್ಲಿ ಒಬ್ಬರು. ಸ್ವಂತ ತಂಗಿ ಹತ್ತಿ ಕೂತರೂ ಮೀಟರ್ ತಿರುಗಿಸುತ್ತಿದ್ದರೆಂದು ಆ ಹೆಸರು ಬಿದ್ದಿತ್ತು. ಗಂಡ ತೀರಿಕೊಂಡ ವರ್ಷ ದೂರಿನಕ್ಕ ಅವನ ಕಾರನ್ನು ತಾನೇ ಓಡಿಸುತ್ತೇನೆ, ಸದಸ್ಯತ್ವ ಕೊಡಿ ಎಂದು ಕೇಳಿದಾಗ ಅರ್ಧ ಸಭೆ ಮೂಗು ಮುರಿದಿತ್ತು. ಆಗ ಎದ್ದು ನಿಂತವರು ಇವರೊಬ್ಬರೇ. ಓಡಿಸುವವರು ಗಂಡೋ ಹೆಣ್ಣೋ ಎಂದು ಕಾರೇ ಕೇಳುವುದಿಲ್ಲ, ನಾವ್ಯಾಕೆ ಕೇಳಬೇಕು ಎಂದು ಸಭೆಯ ಬಾಯಿ ಮುಚ್ಚಿಸಿದ್ದರು. ಮುಚ್ಚಿಸಿ ಸುಮ್ಮನಾಗದೆ, ಎರಡು ತಿಂಗಳು ಅವಳ ಪಕ್ಕದಲ್ಲಿ ಕೂತು ಊರಿನ ಸಂದುಗೊಂದುಗಳನ್ನೆಲ್ಲ ಕಲಿಸಿದ್ದರು.

ಮೂರು ತಿಂಗಳೊಳಗೆ ಮೂರು ದೂರು ಬಂದರೆ ವಿಚಾರಣೆ ಮುಗಿಯುವ ತನಕ ಕೀಲಿಕೈ ಕಚೇರಿಯಲ್ಲಿರಬೇಕು. ಸಂಘದ ಆ ನಿಯಮವನ್ನು ಬರೆಸಿದವರೂ ಮೀಟರ್ ಮಾವನೇ.

ಸುದ್ದಿ ಮೆಟ್ಟಿಲಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಧ್ಯಕ್ಷರು ಬಂದು, ಹಿರೀಕರು, ಸ್ವಲ್ಪ ನೋಡಿಕೊಂಡು ಮಾಡು ಎಂದರು. ಮೊದಲ ದೂರಿಗೆ ಮೂರು ತಿಂಗಳು ತುಂಬಲು ಇನ್ನು ನಾಲ್ಕೇ ದಿನ ಉಳಿದಿತ್ತು. ಈ ಕಾಗದ ಮುಂದಿನ ವಾರ ಬಂತೆಂದು ಬರೆದುಕೊಂಡರೆ ಲೆಕ್ಕಕ್ಕೆ ಎರಡೇ ಆಗುತ್ತವೆ, ಯಾರಿಗೆ ಏನು ನಷ್ಟ ಎಂದು ದಾರಿಯನ್ನೂ ತೋರಿಸಿದರು. ದೂರಿನಕ್ಕ ಆಗಲಿ ಎನ್ನಲಿಲ್ಲ, ಆಗದು ಎನ್ನಲೂ ಇಲ್ಲ. ನಿಜ ಹೇಳಬೇಕೆಂದರೆ ಅವಳ ಮನಸ್ಸೂ ಆ ದಾರಿಯ ಕಡೆಗೇ ವಾಲುತ್ತಿತ್ತು. ಉಂಡ ಮನೆಗೆ ಎರಡು ಬಗೆದವಳು ಎನ್ನಿಸಿಕೊಳ್ಳುವುದು ಯಾರಿಗೆ ಬೇಕು?

ಮಧ್ಯಾಹ್ನ ಊಟದ ಡಬ್ಬಿ ಪಕ್ಕಕ್ಕೆ ಸರಿಸಿ ಮೂರು ಕಾಗದಗಳನ್ನೂ ಒಟ್ಟಿಗೆ ಹರಡಿಕೊಂಡಳು. ಮೊದಲನೆಯದು ನಿವೃತ್ತ ಮೇಷ್ಟರೊಬ್ಬರದು: ಟ್ಯಾಕ್ಸಿ ನಿಲ್ಲಿಸುವಾಗ ಎಡಗಡೆಯ ನಮ್ಮ ಕಾಂಪೌಂಡನ್ನು ಕೆರೆದುಕೊಂಡು ಹೋಯಿತು. ಎರಡನೆಯದು ಔಷಧಿ ಅಂಗಡಿಯವಳದು: ಎಡಗಡೆಯ ಫುಟ್‌ಪಾತಿನ ಅಂಚಿನಲ್ಲಿ ನಾನು ನಿಂತು ಕೈ ಬೀಸುತ್ತಿದ್ದರೂ ನಿಲ್ಲಿಸದೆ ಹೋದರು. ಮೂರನೆಯದು ಬೆಳಗಿನ ಜಾವ ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುವ ಬೇಕರಿಯ ಹೆಂಗಸಿನದು. ಎಡಕ್ಕೆ ತಿರುಗಿದ ಟ್ಯಾಕ್ಸಿಗೆ ಸಿಕ್ಕಿ ಬಿದ್ದು ಅವಳ ಮೊಣಕೈ ತರಚಿತ್ತು. ‘ಅವರು ಕೆಟ್ಟವರ ಹಾಗೆ ಕಾಣಲಿಲ್ಲ,’ ಎಂದು ಬರೆದಿದ್ದಳು. ‘ನನ್ನ ಕಡೆಗೇ ಮುಖ ತಿರುಗಿಸಿದರು, ಆದರೆ ನಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಹೊರಟುಹೋದರು.’

ಎಡ, ಎಡ, ಎಡ. ದೂರಿನಕ್ಕ ಮೂರನ್ನೂ ಇನ್ನೊಮ್ಮೆ ಓದಿದಳು. ಡಬ್ಬಿ ಮುಚ್ಚಿಟ್ಟು ಕೆಳಗಿಳಿದಳು.

ಮೀಟರ್ ಮಾವ ಕಾರಿನ ಗಾಜು ಒರೆಸುತ್ತಿದ್ದರು. ಮಾರ್ಕೆಟ್ ತನಕ ಕರೆದುಕೊಂಡು ಹೋಗಿ ಎಂದಳು. ಅವರು ಮೀಟರ್ ತಿರುಗಿಸಿಯೇ ಹೊರಟರು. ಸಿಗ್ನಲ್ಲಿನಲ್ಲಿ ಕಾರು ನಿಂತಿತು. ಏಣಿ ಹೊತ್ತ ಪೇಂಟರ್ ಒಬ್ಬ ಎಡಗಡೆಯ ಫುಟ್‌ಪಾತಿನಿಂದ ಇಳಿದು ದಾಟತೊಡಗಿದ. ಅಷ್ಟರಲ್ಲಿ ಹಸಿರು ದೀಪ ಬಿತ್ತು. ಮಾವ ಕಾರು ಬಿಟ್ಟೇಬಿಟ್ಟರು. ಪಕ್ಕದ ಸೀಟಿನಲ್ಲಿದ್ದ ದೂರಿನಕ್ಕ ಹ್ಯಾಂಡ್‌ಬ್ರೇಕ್ ಎಳೆದಳು.

ಪೇಂಟರ್ ಬಾನೆಟ್ಟಿನ ಮುಂದೆ ಬಂದು ನಿಂತು ಗುರಾಯಿಸಿದ. ಮಾವ ಅವನನ್ನು ಆಗಲೇ ಮೊದಲ ಸಲ ಕಂಡವರ ಹಾಗೆ ನೋಡಿದರು.

‘ಎಲ್ಲಿದ್ದ ಇವನು?’ ಎಂದು ಮೆಲ್ಲಗೆ ಕೇಳಿದರು.

‘ಎಡಗಡೆ, ಮಾವ. ಆಗಿನಿಂದ ಅಲ್ಲೇ ಇದ್ದ.’

ಹಿಂದಿನ ಗಾಡಿಗಳು ಹಾರನ್ ಬಡಿಯುತ್ತಿದ್ದವು. ಮಾವ ಇಳಿದು ಈ ಕಡೆಗೆ ಬಂದರು. ಅವಳು ಆ ಕಡೆಗೆ ಹೋಗಿ ಸ್ಟಿಯರಿಂಗ್ ಹಿಡಿದಳು. ಸೊಂಟ ಚುಳುಕ್ಕೆನ್ನುತ್ತಿದ್ದರೂ ಗ್ಯಾರೇಜಿನ ತನಕ ಅವಳೇ ಓಡಿಸಿಕೊಂಡು ಬಂದಳು. ಕೀಲಿಕೈ ತೆಗೆದು ತನ್ನ ಮುಷ್ಟಿಯಲ್ಲೇ ಇಟ್ಟುಕೊಂಡು, ಇದು ಇನ್ನು ಮೇಲೆ ಕಚೇರಿಯಲ್ಲಿರುತ್ತದೆ, ನಾಳೆ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು ಎಂದಳು.

‘ಊರೆಲ್ಲ ಹೇಳಿದ್ರೂ ತಡ್ಕೋತಿದ್ದೆ,’ ಎಂದರು ಮಾವ. ‘ನೀನು ಹೇಳಬಾರದಿತ್ತು ಕಣಮ್ಮ.’

ಆ ಮಾತು ಅವಳನ್ನು ಹನ್ನೆರಡು ದಿನ ಚುಚ್ಚಿತು. ಮಾವ ಸಂಘದ ಕಡೆ ತಲೆ ಹಾಕಲಿಲ್ಲ. ಚಾಲಕರು ಅವಳ ಚಹಾ ಬೇಡವೆಂದು ಕೆಳಗಿನಿಂದಲೇ ಹೋಗಿಬಿಡುತ್ತಿದ್ದರು. ಹದಿಮೂರನೆಯ ದಿನ ಬಾಗಿಲಲ್ಲಿ ಕಂಡದ್ದು ಮಾವನ ಹೆಂಡತಿ. ಏದುಸಿರು ಬಿಡುತ್ತ ಬೆಂಚಿನ ಮೇಲೆ ಕೂತ ಆಕೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು. ಕಣ್ಣಿನೊಳಗಿನ ಒತ್ತಡ ಏರಿ ನರ ಸೊರಗಿದೆಯಂತೆ. ಎಡಬದಿಯ ನೋಟದಲ್ಲಿ ಹೋದದ್ದು ಹೋಯಿತು, ಹನಿಮದ್ದು ಬಿಡದೆ ಹಾಕಿದರೆ ಉಳಿದದ್ದನ್ನು ಕಾಪಾಡಬಹುದಂತೆ. ಇನ್ನೊಂದು ವರ್ಷ ಬಿಟ್ಟು ಬಂದಿದ್ದರೆ ತಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಎಂದರಂತೆ ಡಾಕ್ಟರು.

‘ಮನೇಲಿ ಇವರು ಬಾಗಿಲಿಗೆ ಭುಜ ತಾಗಿಸ್ಕೊಂಡಾಗೆಲ್ಲ ನಾನು ನಗ್ತಿದ್ದೆ,’ ಎಂದು ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು. ‘ಪಕ್ಕದಲ್ಲೇ ಇದ್ದ ನನಗೆ ಕಾಣಲಿಲ್ಲ. ನಿನಗೆ ಕಾಣ್ತು ನೋಡು.’

ಎರಡು ದಿನ ಬಿಟ್ಟು ಮಾವನೇ ಬಂದರು. ಹಳೆಯದನ್ನು ಎತ್ತದೆ, ಆ ಮೂರು ಜನರ ವಿಳಾಸ ಕೊಡು, ಅವರವರ ಮನೆಗೆ ಹೋಗಿ ಮಾತಾಡಿಸಬೇಕು ಎಂದರು. ದೂರು ಕೊಟ್ಟವರ ವಿಳಾಸ ಚಾಲಕರಿಗೆ ಕೊಡುವಂತಿಲ್ಲ ಎಂದಳು ದೂರಿನಕ್ಕ. ಅದೂ ಮಾವ ಬರೆಸಿದ ನಿಯಮವೇ. ಮಾವ ಒಂದು ಗಳಿಗೆ ಅವಳ ಮುಖ ನೋಡಿ, ಬಿದ್ದು ಬಿದ್ದು ನಕ್ಕರು. ಎಷ್ಟೋ ದಿನದ ಮೇಲೆ ಆ ಕೋಣೆಯಲ್ಲಿ ನಗು ಕೇಳಿ, ಕೆಳಗಿದ್ದ ಚಾಲಕರಿಬ್ಬರು ಮೆಟ್ಟಿಲು ಹತ್ತಿ ಬಂದು ಇಣುಕಿದರು.

ಕೊನೆಗೆ ದೂರಿನಕ್ಕನೇ ನಡೆದದ್ದನ್ನೂ ಮಾವನ ಆಸೆಯನ್ನೂ ತಿಳಿಸಿ ಮೂವರಿಗೂ ಕಾಗದ ಬರೆದಳು. ಮೇಷ್ಟರು ಒಳ್ಳೆಯ ಮಾತು ಬರೆದು ಕಳಿಸಿದರು, ಔಷಧಿ ಅಂಗಡಿಯವಳು ಫೋನ್ ಮಾಡಿದಳು, ಬೇಕರಿಯವಳು ಕೆಲಸ ಮುಗಿಸಿ ತೋಳಿನ ಹಿಟ್ಟನ್ನೂ ಕೊಡವದೆ ಖುದ್ದು ಬಂದಳು. ಯಾರ ಅನ್ನಕ್ಕೆ ಕಲ್ಲು ಹಾಕುತ್ತೇನೋ ಎಂದು ಹೆದರಿ ಮೂರು ದಿನ ಕಾಗದವನ್ನು ಚೀಲದಲ್ಲೇ ಇಟ್ಟುಕೊಂಡಿದ್ದೆ ಎಂದು ಒಪ್ಪಿಕೊಂಡಳು. ಅವತ್ತು ಮಾವನೂ ಅಲ್ಲೇ ಬೆಂಚಿನ ಮೇಲೆ ಕೂತಿದ್ದರು.

‘ಮೊಣಕೈ ವಾಸಿಯಾಯ್ತೇನಮ್ಮ?’ ಎಂದರು.

‘ಆಗಲೇ ಆಯ್ತು.’

‘ಬೀಳಿಸಿ ಹಾಗೇ ಹೊರಟುಹೋದೆ, ಕ್ಷಮಿಸಬೇಕು. ನೀವು ಬರೆದಿದ್ದು ದೊಡ್ಡ ಉಪಕಾರ. ಬರೀದೇ ಇದ್ದಿದ್ರೆ ಇನ್ಯಾರ ಮೇಲೆ ಹತ್ತಿಸ್ತಿದ್ನೋ.’

ಅವಳು ಹೋದ ಮೇಲೂ ಮಾವ ಕೂತೇ ಇದ್ದರು. ಆಮೇಲೆ ಎದ್ದು ಬಂದು ದೂರಿನಕ್ಕನ ತಲೆಯ ಮೇಲೆ ಕೈಯಿಟ್ಟರು. ‘ನೀನು ಹೇಳಬಾರದಿತ್ತು ಅಂದಿದ್ನಲ್ಲ, ಅದನ್ನ ಮನಸ್ಸಲ್ಲಿಟ್ಕೋಬೇಡ. ನೀನಲ್ಲದೆ ಬೇರೆ ಯಾರು ಹೇಳಿದ್ರೂ ನಾನು ಕಾರಿಂದ ಇಳೀತಿರಲಿಲ್ಲ.’

ನೀವು ಅವತ್ತು ಸಭೆಯಲ್ಲಿ ಎದ್ದು ನಿಲ್ಲದಿದ್ದರೆ ನಾನು ಈ ಕೋಣೆಯಲ್ಲೇ ಇರುತ್ತಿರಲಿಲ್ಲ ಎಂದು ದೂರಿನಕ್ಕ ಹೇಳಬೇಕೆಂದುಕೊಂಡಳು. ಎದ್ದು ಚಹಾ ಬಗ್ಗಿಸಿ ಅವರ ಬಲಗಡೆಗೆ ಇಟ್ಟಳು.

ಮಾವ ಈಗ ಅದೇ ಕೋಣೆಯಲ್ಲಿ ಬುಕಿಂಗ್ ಫೋನ್ ನೋಡಿಕೊಳ್ಳುತ್ತಾರೆ. ಯಾವ ಸಂದಿನಲ್ಲಿ ಯಾವ ಮನೆ, ಯಾವ ಗೇಟಿನ ಮುಂದೆ ಕಾರು ತಿರುಗುವುದಿಲ್ಲ, ಎಲ್ಲ ಅವರಿಗೆ ಬಾಯಿಪಾಠ. ಗಂಟೆಗಟ್ಟಲೆ ಮಾತಾಡಿಸುತ್ತಾರೆಂದು ಹೋದ ವಾರ ಒಬ್ಬ ಗಿರಾಕಿಯಿಂದ ಅವರ ಮೇಲೆ ದೂರೂ ಬಂದಿದೆ. ದೂರಿನಕ್ಕ ಅದನ್ನು ಬಂದ ದಿನದ ತಾರೀಕನ್ನೇ ಹಾಕಿ ಬರೆದುಕೊಂಡಿದ್ದಾಳೆ.