ಆನೆಗೆ ಬಿಟ್ಟ ಗದ್ದೆ

ದೊಡ್ಡ ಕೆರೆ ಕೋಡಿ ಬಿತ್ತೆಂದು ಊರಿಗೆ ಊರೇ ಏರಿಯ ಮೇಲೆ ಸೇರಿ ಹಾಲನ್ನ ಹಂಚುತ್ತಿದ್ದರೆ, ಯಸವತಿ ಒಂದು ತುತ್ತೂ ಮುಟ್ಟಲಿಲ್ಲ. ಅನುರಾಧಪುರದ ಸುತ್ತಿನ ಹಳ್ಳಿಗಳಲ್ಲಿ ಕೋಡಿಯ ನೀರು ಕಂಡು ಖುಷಿಪಡದವಳು ಅವಳೊಬ್ಬಳೇ ಇರಬೇಕು. ಕೈಯಲ್ಲಿದ್ದ ಬಾಳೆಲೆಯನ್ನು ಪಕ್ಕದ ಮನೆಯ ಸೋಮಾಳ ಕೈಗೆ ತುರುಕಿ, ಏರಿಯ ತುದಿಯವರೆಗೆ ಹೋದಳು, ಮತ್ತೆ ಬಂದಳು, ಮತ್ತೆ ಹೋದಳು.

"ಏನಕ್ಕ, ಕಾಲಿಗೆ ಇರುವೆ ಹತ್ತಿದ್ಯಾ? ಒಂದ್ ಕಡೆ ನಿಂತ್ಕೊಬಾರ್ದಾ?" ಅಂದಳು ಸೋಮಾ.

"ಮುದಲಿಹಾಮಿ ಅಣ್ಣ ಕಾಣ್ತಾನೇ ಇಲ್ವಲ್ಲ, ಎಲ್ಲಿ?"

"ಆಗ್ಲೇ ಗದ್ದೆ ಕಡೆ ಹೋದ. ಕೈ ಟ್ರಾಕ್ಟರ್ ತಳ್ಕೊಂಡು."

ಸೋಮಾ ಇನ್ನೇನೋ ಕೇಳುತ್ತಿದ್ದಂತೆಯೇ ಯಸವತಿ ಏರಿ ಇಳಿದು ಹೊರಟೇಬಿಟ್ಟಳು.

ಮೊದಲಿದ್ದ ಅವಳ ಗದ್ದೆಯೆಂದರೆ ಕಾಡಂಚಿನ ಹಳೇ ಪುಟ್ಟ ಕೆರೆಯ ಒಡಲು. ಏರಿ ಒಡೆದು ಹಾಳುಬಿದ್ದಿದ್ದ ಜಾಗವನ್ನು ಅವಳ ಮಾವ ಉತ್ತು ಗದ್ದೆ ಮಾಡಿದ್ದ. ಗಂಡ ಸತ್ತ ಮೇಲೆ ಅವಳ ಅನ್ನಕ್ಕೆ ಅದೇ ದಾರಿ. ಹೋದ ವರ್ಷ ವಿಶ್ವವಿದ್ಯಾಲಯದಿಂದ ನಿರ್ಮಲಿ ಎಂಬಾಕೆ ಬಂದು, ಹಳೇ ನಕ್ಷೆ, ಊರ ಮುದುಕರ ನೆನಪು, ಕೆರೆಯ ತಳದಿಂದ ಬಗೆದ ಮಣ್ಣು, ಮೂರನ್ನೂ ತಾಳೆ ಹಾಕಿ ನೋಡಿದಳು. ಮೂರೂ ಒಂದೇ ಮಾತು ಹೇಳಿದವು. ಹಿಂದಿನವರು ದೊಡ್ಡ ಕೆರೆಯ ಮೇಲ್ಗಡೆ ಪುಟ್ಟ ಕೆರೆ ಕಟ್ಟಿದ್ದು ಬೇಸಾಯಕ್ಕಲ್ಲ. ಹೂಳು ಅಲ್ಲೇ ನಿಲ್ಲಲಿ, ಆನೆ ಜಿಂಕೆಗಳು ಅಲ್ಲೇ ಕುಡಿದು ಹೋಗಲಿ ಅಂತ. ಅದು ಹೋದ ಮೇಲೆಯೇ ದೊಡ್ಡ ಕೆರೆ ಹೂಳಿನಿಂದ ತುಂಬಿದ್ದು, ಆನೆಗಳು ಬೆಳೆ ತುಳಿದುಕೊಂಡು ನೀರಿಗೆ ಇಳಿಯತೊಡಗಿದ್ದು.

ಸರಿ, ಮತ್ತೆ ಕಟ್ಟೋಣ ಅಂದಿತು ಊರು, ಕಟ್ಟಿತು ಕೂಡ. ಊರಿಗೇನು, ಮುಳುಗುವುದು ಯಸವತಿಯ ಗದ್ದೆ ತಾನೆ! ಅವಳಿಗೆ ಬದಲಿ ಭೂಮಿ ಕೊಡುವ ಮಾತು ಬಂದಾಗ ಊರಿಗೆ ನೆನಪಾದದ್ದು ಬೆತ್ಮ. ಕೆರೆಯಲ್ಲಿ ನೀರು ಸಾಲದ ಬೇಸಗೆಯಲ್ಲಿ ತೂಬಿನ ಹತ್ತಿರದ ಗದ್ದೆಗಳನ್ನಷ್ಟೇ ಉತ್ತು, ಯಾರದೆಂದು ನೋಡದೆ ಎಲ್ಲರೂ ಪಾಲು ಮಾಡಿಕೊಳ್ಳುವ ಪದ್ಧತಿ ಅದು. ಆ ಬೇಸಗೆಯ ಬೆತ್ಮದಲ್ಲಿ ಮುದಲಿಹಾಮಿಯ ಗದ್ದೆಯ ಒಂದು ತುಂಡನ್ನು ಅವಳಿಗೆ ಕೊಟ್ಟು, "ಇನ್ನು ಇದು ನಿಂದೇ" ಎಂದು ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು.

ಆದರೆ ಕೆರೆ ಕೋಡಿ ಬಿದ್ದ ದಿನ ಬೆತ್ಮ ಮುಗಿಯುತ್ತದೆ, ಗದ್ದೆ ಒಡೆಯನಿಗೆ ವಾಪಸು. ಹಂಚಿಕೊಂಡು ಉಣ್ಣಲು ನಮ್ಮವರಿಗೆ ಗೊತ್ತಿದ್ದ ದಾರಿ ಅದೊಂದೇ. ಅದು ಎಲ್ಲಿ ಹೋಗಿ ನಿಲ್ಲುತ್ತದೆ ಎಂದು ಒಬ್ಬರಾದರೂ ಯೋಚಿಸಬೇಡವೇ? ಯೋಚಿಸಿದವಳು ಯಸವತಿ ಒಬ್ಬಳೇ. ಬಾಯಿಬಿಟ್ಟು ಕೇಳಲು ಸಂಕೋಚಪಟ್ಟಳು. ಅಂದಿನಿಂದ ಮೋಡ ಕಂಡರೆ ಅವಳಿಗೆ ದಿಗಿಲು.

ಗದ್ದೆಯ ಹತ್ತಿರ ಬಂದಾಗ ಮುದಲಿಹಾಮಿ ಆಗಲೇ ಅವಳ ತುಂಡಿನ ಮೇಲೆ ಒಂದು ಸುತ್ತು ಉತ್ತು ನಿಲ್ಲಿಸಿದ್ದ. ಅವಳನ್ನು ಕಂಡು ಖುಷಿಯಿಂದಲೇ ಬಂದ. ಮನುಷ್ಯ ಒಳ್ಳೆಯವನು, ತೊಂದರೆಯೇ ಅದು.

"ಬಾ ತಂಗಿ, ನಿನ್ ಹತ್ರಾನೇ ಬರೋಣ ಅಂತಿದ್ದೆ. ತಗೋ." ಎರಡೂ ಕೈಯಲ್ಲಿ ವೀಳ್ಯದೆಲೆಯ ಕಟ್ಟು ಚಾಚಿದ.

"ಇದ್ಯಾಕಣ್ಣ?"

"ಪದ್ಧತಿ ಅಲ್ವಾ? ಕೆರೆ ಕೋಡಿ ಬಿತ್ತು, ಬೆತ್ಮ ಮುಗೀತು. ನಂದು ನಂಗೆ, ನಿಂದು ನಿಂಗೆ..." ಅಂದವನು ಅಲ್ಲೇ ತಡವರಿಸಿದ.

"ನಂದು ಎಲ್ಲಿದೆ ಅಣ್ಣ? ಸ್ವಲ್ಪ ತೋರ್ಸು."

ಅವನು ಕಾಡಿನ ಕಡೆ ನೋಡಿದ, ಕೈಯಲ್ಲಿದ್ದ ಎಲೆ ನೋಡಿದ. "ರೈತ ಸಂಘದೋರು ಏನಾದ್ರೂ ಮಾಡ್ತಾರೆ ಬಿಡು."

"ಅವರ್ಯಾಕೆ? ನಾನೇ ತೆಗ್ದ್ಕೋತೀನಿ."

ಬದುವಿನ ಮೇಲಿದ್ದ ಅವನದೇ ಗುದ್ದಲಿ ಎತ್ತಿಕೊಂಡು ಕಾಡಿನ ದಾರಿ ಹಿಡಿದಳು. ಮುದಲಿಹಾಮಿ ಎಲೆಕಟ್ಟನ್ನು ಕಂಕುಳಿಗೆ ಸಿಕ್ಕಿಸಿ, ಲುಂಗಿ ಎತ್ತಿಕಟ್ಟಿ, ಕೂಗುತ್ತ ಹಿಂದೆ ಓಡಿದ.

ಪುಟ್ಟ ಕೆರೆ ದಡದವರೆಗೆ ತುಂಬಿತ್ತು. ಆಚೆ ದಡದಲ್ಲಿ ಆನೆ ತುಳಿದ ಕೆಸರು, ಇನ್ನೂ ಆರದ ಲದ್ದಿ. ಯಸವತಿ ಏರಿಯ ನಡುವೆ ನಿಂತು ಗುದ್ದಲಿ ಬೀಸಿದಳು. ಒಂದು ಹೆಂಟೆ ಎದ್ದು ಬಂತು.

"ಹುಚ್ಚು ಹಿಡೀತಾ ನಿಂಗೆ? ಇಷ್ಟ್ ನೀರು ಒಟ್ಟಿಗೆ ಇಳಿದ್ರೆ ಕೆಳಗಿನ ಏರಿ ನಿಲ್ಲುತ್ತಾ? ಊರು ಕೊಚ್ಕೊಂಡ್ ಹೋಗುತ್ತೆ!"

"ಬೆತ್ಮ ಮುಗೀತು ಅಂದೆಯಲ್ಲ, ಆನೆಗೂ ಮುಗೀಲಿ!"

ಇನ್ನೊಂದು ಏಟು. ಕಡಿದ ಜಾಗದಲ್ಲಿ ನೀರು ಸಣ್ಣಗೆ ಜಿನುಗಿತು. ಇವನು ತಡೆಯದಿದ್ದರೆ ನಿಜಕ್ಕೂ ಕಡಿದುಬಿಡುತ್ತೇನೆ ಎಂದು ಅವಳಿಗೇ ಹೆದರಿಕೆಯಾಗಿತ್ತು.

"ನಿಲ್ಸು ತಂಗಿ. ನಂಗೂ ಇಬ್ರು ಗಂಡುಮಕ್ಳಿದಾರೆ. ಅಷ್ಟ್ ಗದ್ದೆ ನಾನೊಬ್ನೇ ಎಲ್ಲಿಂದ ಬಿಡ್ಲಿ?"

"ಗೊತ್ತು. ಅದಕ್ಕೇ ಇಷ್ಟ್ ದಿನ ಕೇಳೋಕೆ ನಾಚಿಕೆ ಆಯ್ತು." ಅವಳು ಏದುಸಿರು ಬಿಡುತ್ತ ತಿರುಗಿದಳು. "ಈ ಬೇಸಗೇಲಿ ಒಂದ್ ರಾತ್ರಿನಾದ್ರೂ ಆನೆ ಕಾಯೋಕೆ ಅಟ್ಟ ಹತ್ತಿದ್ಯಾ? ನಿಜ ಹೇಳು."

"ಇಲ್ಲ. ಮನೇಲೇ ಮಲ್ಗಿದ್ದೆ."

"ನನ್ ಗದ್ದೆ ಮುಳುಗಿಸ್ಕೊಂಡು ಮಲ್ಗಿದ್ದೆ ಅಣ್ಣ ನೀನು."

ಅವನು ಜಿನುಗುವ ನೀರನ್ನು ನೋಡಿದ. ಆಮೇಲೆ ಕುಕ್ಕರಗಾಲಲ್ಲಿ ಕೂತು, ಕಿತ್ತ ಹೆಂಟೆಗಳನ್ನು ಎತ್ತಿ ಕಂಡಿಗೆ ಒತ್ತಿ, ಹಸಿಮಣ್ಣು ಮೆತ್ತಿ, ಎದ್ದು ನಿಂತು ಕಾಲಿನಿಂದ ತುಳಿದ. ಕಂಕುಳಿನ ಎಲೆಗಳು ಕೆಸರಿಗೆ ಬಿದ್ದದ್ದು ಅವನಿಗೆ ಗೊತ್ತಾಗಲೇ ಇಲ್ಲ.

"ನಾನೊಬ್ನೇನಾ ಮಲ್ಗಿದ್ದು? ಊರೆಲ್ಲ ಮಲ್ಗಿತ್ತು," ಅಂದ. "ಎಲ್ರೂ ಬದು ಸರಿಸ್ಲಿ. ತಲಾ ಇಷ್ಟಿಷ್ಟು ಬಿಟ್ರೆ ನಿನ್ ಪಾಲು ಆಗುತ್ತೆ, ಯಾರ್ ಹೊಟ್ಟೇನೂ ಒಣಗಲ್ಲ. ಇದು ಕೋಡಿ ಬಿದ್ರೂ ಮುಗಿಯೋ ಬೆತ್ಮ ಅಲ್ಲ ಅಂತ ನಾನೇ ಹೇಳ್ತೀನಿ."

"ಯಾವಾಗ?"

"ಈಗ್ಲೇ. ಎಲ್ಲ ಏರಿ ಮೇಲೇ ಇದಾರಲ್ಲ."

ಯಸವತಿಗೆ ಅಳು ಬಂತು, ಅದರ ಹಿಂದೆಯೇ ಅನುಮಾನವೂ ಬಂತು. ತಲೆಯಾಡಿಸುವವರನ್ನು ಅವಳು ಒಮ್ಮೆ ನೋಡಿದ್ದಳು.

"ಅವರು ಒಪ್ಪದೆ ಹೋದ್ರೆ?" ಅನ್ನುತ್ತ ಗುದ್ದಲಿಯನ್ನು ಅವನಿಗೆ ವಾಪಸು ಚಾಚಿದಳು.

ಮುದಲಿಹಾಮಿ ಅದನ್ನು ಮುಟ್ಟಲಿಲ್ಲ.

"ನಿನ್ ಹತ್ರಾನೇ ಇರ್ಲಿ," ಅಂದ. "ಹಿಡ್ಕೊಂಡೇ ಬಾ."