ವಿಭೂತಿ ಹಚ್ಚಿದ ಜೋಡಿ ಡಿಸ್ಕು

ಬೈಲಹೊಂಗಲದ ಗೌರೀಶನ ಲಿನಕ್ಸ್ ಸರ್ವರು ಇದ್ದದ್ದು ಅಡುಗೆಮನೆಗೂ ದೇವರ ಕೋಣೆಗೂ ನಡುವಿನ ಗೂಡಿನಲ್ಲಿ. ಹನ್ನೊಂದು ವರ್ಷದಿಂದ ಊರೂರು ತಿರುಗಿ, ಹೆಣ್ಣುಮಕ್ಕಳು ಹಾಡಿದ ಬೀಸುವ ಪದ, ಸೋಬಾನ ಪದಗಳನ್ನೆಲ್ಲ ರೆಕಾರ್ಡ್ ಮಾಡಿ ಅದರಲ್ಲಿ ತುಂಬಿಟ್ಟಿದ್ದ. ಒಳಗೆ ಎರಡು ಡಿಸ್ಕು. ಒಂದರಲ್ಲಿ ಬರೆದದ್ದು ಅದೇ ಗಳಿಗೆಗೆ ಇನ್ನೊಂದರಲ್ಲೂ ಬೀಳುತ್ತದೆ; ಒಂದು ಸತ್ತರೆ ಇನ್ನೊಂದು ಮನೆ ನಡೆಸುತ್ತದೆ. ಇದನ್ನವನು ಕೇಳಿದವರಿಗೂ ಹೇಳಿದ್ದ, ಕೇಳದವರಿಗೂ ಹೇಳಿದ್ದ.

ಬುಧವಾರ ಮುಂಜಾನೆ ಒಂದು ಸತ್ತಿತು.

ಅದೇ ಹೊತ್ತಿಗೆ ಸಂಪಗಾಂವದ ಮಾಯವ್ವ ಬಸ್ಸಿಳಿದು ಬಂದಳು. ಹೋದ ವರ್ಷ ಗಂಟಲಿನ ಆಪರೇಶನ್ ಆದಮೇಲೆ ಅವಳಿಗೆ ಉಳಿದದ್ದು ಪಿಸುಮಾತು ಅಷ್ಟೇ. ಶುಕ್ರವಾರ ಮೊಮ್ಮಗಳ ಮದುವೆ. ಮದುಮಕ್ಕಳ ಸುತ್ತ ನೂಲಿನ ಸುರಗಿ ಸುತ್ತುವಾಗ ಅಜ್ಜಿಯ ಪದವೇ ಆಗಬೇಕೆಂದು ಹುಡುಗಿಯ ಹಟ. ದನಿಯಿದ್ದಾಗ ಅವಳು ಹಾಡಿದ ಆ ಪದಗಳು ಗೌರೀಶನ ಹತ್ತಿರ ಬಿಟ್ಟರೆ ಇನ್ನೆಲ್ಲೂ ಇರಲಿಲ್ಲ.

"ಹದಿನೈದು ಮಿನಿಟ್ ಕುಂದರಬೇ ಆಯಿ," ಎಂದ ಗೌರೀಶ.

ಸತ್ತ ಡಿಸ್ಕಿನ ನಂಬರು ಪರದೆಯ ಮೇಲಿತ್ತು. ಹೊಸ ಡಿಸ್ಕೂ ಕಪಾಟಿನಲ್ಲಿತ್ತು. ಆ ನಂಬರಿನದನ್ನು ಕಿತ್ತು ಹೊಸದನ್ನು ಕೂಡಿಸಿದರೆ ಮುಗಿಯಿತು. ಸರ್ವರಿನ ಡಬ್ಬಿಯ ಮುಚ್ಚಳ ತೆಗೆದ. ಎರಡೂ ಡಿಸ್ಕಿನ ಮೇಲೆ ನಂಬರಿನ ಚೀಟಿ ಇರಲಿಲ್ಲ. ಮೂರು ಬೆರಳಿನ ವಿಭೂತಿ ಇತ್ತು, ನಡುವೆ ಕುಂಕುಮ.

"ರಾಜೇಶ್ವರೀ, ಇದರ ಮ್ಯಾಲಿನ ಚೀಟಿ ಎಲ್ಲಿ ಹೋದ್ವು?"

ಹೆಂಡತಿ ಒಳಗಿನಿಂದಲೇ ಹೇಳಿದಳು: "ಖಂಡೇ ಪೂಜಿಗೆ ತಿಕ್ಕಿ ತೆಗದ್ನಿರಿ. ಜಿಡ್ಡು ಹಿಡದಿದ್ವು. ನೀವ ಅಂದ್ರೆಲ್ಲ, ಕುಡಗೋಲ ಕೊಡಲಿ ಜೋಡಿ ಇವನ್ನೂ ಪೂಜಿಗೆ ಇಡು ಅಂತ."

"ಪೂಜಿ ಮಾಡು ಅಂದ್ನಿ. ಜಳಕಾ ಮಾಡಸು ಅಂದ್ನೇನು?"

"ಜಳಕಾ ಇಲ್ದ ವಿಭೂತಿ ಹಚ್ಚತಾರೇನ್ರಿ?"

ಗೌರೀಶ ಬಗ್ಗಿ ಎರಡನ್ನೂ ನೋಡಿದ. ಒಂದೇ ದಿನ, ಒಂದೇ ಅಂಗಡಿಯಲ್ಲಿ ತಂದ ಅವಳಿ ಡಿಸ್ಕುಗಳು. ತಾಯಿಗೂ ಗುರುತು ಹತ್ತದಂಥವು.

"ಬಲಗಡೀದ ಸತ್ತಿರಬೇಕು," ಎಂದು ಕೈ ಹಾಕಿದ.

"ಯಾಕ?" ಮಾಯವ್ವ ಪಿಸುಗುಟ್ಟಿದಳು.

"ಅನಸತೈತಿ."

"ಬದುಕಿದ್ದನ್ನ ಕಿತ್ತರ?"

ಗೌರೀಶ ಕೈ ಹಿಂದಕ್ಕೆ ತೆಗೆದ. "ಮತ್ತ ನಿನ್ನ ಹಾಡು ಸಿಗೂದು ದೇವರಿಗೆ ಬಿಟ್ಟದ್ದು, ಆಯಿ."

ರಾಜೇಶ್ವರಿ ಕೈ ಒರೆಸಿಕೊಳ್ಳುತ್ತ ಬಂದಳು. "ಬ್ಯಾರೆ ಕಡೆ ಒಂದ ನಕಲ ಇಟ್ಟಿಲ್ಲೇನ್ರಿ?"

"ಎರಡ ಅದಾವಲ್ಲ ಅಂತ..."

"ಒಂದ ಡಬ್ಬ್ಯಾಗ ಎರಡು! ಮೊಸರ ಖಾಲಿ ಆಗೂಕಿಂತ ಮೊದಲ ಹೆಪ್ಪಿಗೆ ಒಂದ ಚಮಚಾ ತಗದ ಇಡೂದಿಲ್ಲೇನು? ಅದೂ ಕೆಟ್ಟರ ಬಾಜೂ ಮನ್ಯಾಗ ಸಿಗತೈತಿ. ಏನೂ ಕೀಳಬ್ಯಾಡ್ರಿ. ಹೊಸಾದನ್ನ ಹೊರಗಿಂದ ಹಚ್ಚಿ, ಮೊದಲ ಹಾಡು ಅದರಾಗ ತಗೋರಿ."

ತಾನೂ ಅದನ್ನೇ ಮಾಡಲಿದ್ದವನಂತೆ ಗೌರೀಶ ತಲೆಯಾಡಿಸಿದ.

ನಕಲು ಶುರುವಾಯಿತು. ಮಾಯವ್ವ ಎದ್ದು ಬಂದು ಎರಡೂ ಡಿಸ್ಕಿನ ಮೇಲೆ ಒಂದೊಂದು ಬೆರಳಿಟ್ಟಳು. "ಬಲಗಡೀದ ನಡಗಾಕ ಹತ್ತೈತಿ. ಎಡಗಡೀದ ಸುಮ್ಮ ಕುಂತೈತಿ."

ಹಾಡು ಓದಿ ಕೊಡುತ್ತಿದ್ದದ್ದು ಬದುಕಿದ ಡಿಸ್ಕು ಮಾತ್ರ. ಅಂದರೆ ಬಲಗಡೆಯದು, ಗೌರೀಶನಿಗೆ ಸತ್ತಿದೆಯೆಂದು ಅನಿಸಿದ್ದು. ರಾಜೇಶ್ವರಿ ಗಂಡನ ಮುಖವನ್ನು ಎರಡು ಸಲ ನೋಡಿದಳು.

ಮಧ್ಯಾಹ್ನದ ಊಟದ ಹೊತ್ತಿಗೆ ನಕಲು ಮುಗಿಯಿತು. ಸೋಬಾನ ಪದಗಳನ್ನು ಮಾಯವ್ವನ ಮೊಬೈಲಿಗೂ ಹಾಕಿದ್ದಾಯಿತು. ಹೊಸ ಡಿಸ್ಕು ರಾಜೇಶ್ವರಿಯ ತವರು ಯರಗಟ್ಟಿಗೆ ಜೋಪಾನಕ್ಕೆ ಹೋಗಬೇಕು, ಸರ್ವರಿಗೆ ಮತ್ತೆ ಅವಳಿ ಆಗದಂತೆ ಬೇರೆ ಊರಿನ ಅಂಗಡಿಯಿಂದ ಇನ್ನೊಂದು ತರಬೇಕು ಎಂದೂ ತೀರ್ಮಾನವಾಯಿತು. ತೀರ್ಮಾನ ಮಾಡಿದವಳು ರೊಟ್ಟಿ ಬಡಿಯುತ್ತಿದ್ದಳು.

"ನಕಲ ಆದರ ಸಾಲದು, ಹಚ್ಚಿ ಕೇಳಬೇಕು," ಎಂದು ಗೌರೀಶ ಮೊಬೈಲು ಒತ್ತಿದ. ಮಾಯವ್ವನ ಹಳೆಯ ದನಿ ಮನೆ ತುಂಬಿತು. ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಮಾಯವ್ವ ಕಡೆಯ ತನಕ ಅಲ್ಲಾಡದೆ ಕೇಳಿದಳು.

"ಎರಡನೇ ನುಡಿಯಾಗ ಒಂದ ಸಾಲ ಬಿಟ್ಟೇನಿ, ತಮ್ಮಾ."

"ಆ ನುಡಿ ತಗದ ಬಿಡ್ಲೇನಬೇ?"

"ಬ್ಯಾಡ. ದನಿಯರ ಇರ್ಲಿ." ಮೊಬೈಲನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡು ಎದ್ದಳು. "ಮೊದಲ ಒಂದ ಕಡೆ ತಪ್ಪಿದ್ನಿ. ಈಗ ಮೂರ ಕಡೆ ತಪ್ಪಿದ್ನಿ ನೋಡು."