ನಾಲ್ಕು ಹೊಸ ತಂತಿ

ಕಟಿಂಗ್ ಪ್ಲೇಯರಿನ ಬಾಯಿಗೆ ಸಿಕ್ಕ ದಪ್ಪ ತಂತಿ ಒಮ್ಮೆಲೇ ತುಂಡಾಗಿ ಸಿದ್ದಲಿಂಗೇಶನ ಮಣಿಕಟ್ಟಿಗೆ ಬಡಿಯಿತು. ಅವನು ಬಾಗಿಲ ಕಡೆ ನೋಡಿದ. ಪರಮೇಶ್ವರ ಹೂವು, ಬಾಳೆಕಂಬ ತರಲು ಮಾರ್ಕೆಟ್ಟಿಗೆ ಹೋಗಿದ್ದ. ಮುನಾಫ ಹೊರಗೆ ನಳದ ಕೆಳಗೆ ತನ್ನ ಡ್ರಮ್ಮಿನ ಸ್ಟ್ಯಾಂಡು ತೊಳೆಯುತ್ತಿದ್ದ. ಪೂಜೆಗೆಂದು ಸ್ನೇಹಲ ಹಿಂದಿನ ದಿನವೇ ಬಿಟ್ಟುಹೋಗಿದ್ದ ಬೇಸ್ ಗಿಟಾರಿಗಿರುವುದು ನಾಲ್ಕೇ ತಂತಿ. ಇನ್ನು ಮೂರು ಉಳಿದಿದ್ದವು.

ಅಂದು ಖಂಡೆ ಪೂಜೆ, ಆಯುಧಗಳನ್ನು ಪೂಜಿಸುವ ದಿನ. ಜೋರಾಪುರ ಪೇಟೆಯ ಪರಮೇಶ್ವರನ ವೆಲ್ಡಿಂಗ್ ಅಂಗಡಿಯಲ್ಲಿ ಗ್ರೈಂಡರು, ಡ್ರಿಲ್ಲು, ಸುತ್ತಿಗೆಗಳ ಜೊತೆಗೆ ಬ್ಯಾಂಡಿನ ವಾದ್ಯಗಳನ್ನೂ ಪೂಜೆಗೆ ಇಡುವುದು ಐದು ವರ್ಷದ ರೂಢಿ. ಒರೆಸಿ ಚೊಕ್ಕ ಮಾಡುವ ಕೆಲಸ ಸಿದ್ದಲಿಂಗೇಶನದು. ಸಾರವಾಡದಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದ ಅವನು ಭಾನುವಾರ ಬಸ್ ಹತ್ತುವ ಮೊದಲು ಉಗುರಿನ ಸಂದಿಗೆಲ್ಲ ನಿಂಬೆಹಣ್ಣು ತಿಕ್ಕಿಕೊಳ್ಳುತ್ತಿದ್ದ. ತನ್ನ ಬೇಸನ್ನು ಹೆಂಡತಿಯ ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿ ತರುತ್ತಿದ್ದ. ‘ಕಟಕ ರೊಟ್ಟಿ’ ಎಂಬ ಅವರ ಪಂಕ್ ಬ್ಯಾಂಡಿನ ಹಾಡೆಂದರೆ ಎರಡು ನಿಮಿಷದ ಓಟ ಮತ್ತು ಒದರಾಟ: ಬಾರದ ನೀರು, ನಿಲ್ಲದ ಬಸ್ಸು, ಹೋದ ಕರೆಂಟು. ಆ ಗದ್ದಲದೊಳಗೂ ಅವನ ವಾದ್ಯಕ್ಕೆ ಒಂದು ಗೀರು ಬಿದ್ದಿರಲಿಲ್ಲ.

ಸ್ನೇಹಲಳದು ಹಾಗಲ್ಲ. ಮಗಳಿಗೆ ಟೈಫಾಯಿಡ್ ಆಗಿ ಅವನು ನಾಲ್ಕು ಭಾನುವಾರ ತಪ್ಪಿಸಿದಾಗ, ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ಈ ಹುಡುಗಿಯನ್ನು ಮುನಾಫ ಕರೆತಂದಿದ್ದ. ಐದನೆಯ ಭಾನುವಾರ ಸಿದ್ದಲಿಂಗೇಶ ಮರಳಿದ. ಅವಳು ಹೋಗಲಿಲ್ಲ, ಹೋಗೆಂದು ಯಾರೂ ಅನ್ನಲೂ ಇಲ್ಲ. ಬೇಸನ್ನು ಸ್ಕೂಟಿಯ ಮುಂದೆ ಗ್ಯಾಸ್ ಸಿಲಿಂಡರಿನಂತೆ ನಿಲ್ಲಿಸಿಕೊಂಡು ಬರುತ್ತಿದ್ದಳು. ಗೋಡೆಗೆ ಒರಗಿಸಿದ್ದು ಜಾರಿ ಬಿದ್ದರೆ ಕಾಲಿನಿಂದ ಎಬ್ಬಿಸುತ್ತಿದ್ದಳು. ಮೂರು ವರ್ಷದಿಂದ ತಂತಿ ಬದಲಿಸಿರಲಿಲ್ಲ. ಅವುಗಳ ಸುತ್ತಿನೊಳಗೆ ಕರ್ರಗೆ ಕೊಳೆ ಕೂತಿತ್ತು. ಆದರೆ ಅವಳು ಬಾರಿಸಿದರೆ ಅಂಗಡಿಯ ಶಟರು ಗುಂಯ್‌ಗುಡುತ್ತಿತ್ತು.

"ಹೊಟ್ಯಾಗ ಬಂದ ಕುಂಡರ್ತೈತಿ ನೋಡಲೇ ಸಿದ್ಯಾ," ಎಂದು ಪರಮೇಶ್ವರ ಅವನೆದುರಿಗೇ ಹೇಳಿದ್ದ. ಹಾಡುವವನೂ ಅವನೇ, ಯಜಮಾನನೂ ಅವನೇ. ಬನ್ನಿಯ ದಿನ ಇಬ್ಬರೂ ಬಾರಿಸಬೇಕು, ಮೇಲೆನಿಸಿದ ಒಬ್ಬರು ಮುಂದಿನ ವಾರ ಕಾಲೇಜಿನ ವೇದಿಕೆ ಹತ್ತಬೇಕು, ಮುಂದೆಯೂ ಬ್ಯಾಂಡಿನಲ್ಲಿ ಅವರೇ ಎಂದು ಗೊತ್ತುಮಾಡಿದ್ದ.

ಆ ಗುಂಗು ಹಳೆಯ ತಂತಿಯ ಕೊಳೆಯಲ್ಲಿದೆ ಎಂದು ಸಿದ್ದಲಿಂಗೇಶನಿಗೆ ಗೊತ್ತಿತ್ತು. ಹೊಸ ತಂತಿ ಚೀರುತ್ತದೆ, ಪಳಗಲು ತಿಂಗಳುಗಟ್ಟಲೆ ಬೇಕು. ಬಿಚ್ಚಿದ ತಂತಿಯನ್ನು ಮತ್ತೆ ಹಾಕಿಕೊಳ್ಳಬಹುದು. ಅದಕ್ಕೇ ಕತ್ತರಿಸುತ್ತಿದ್ದ.

"ಏನ ಮಾಡಾಕತ್ತಿ ಸಿದ್ದಣ್ಣ?" ಒದ್ದೆ ಕೈ ಒರೆಸಿಕೊಳ್ಳುತ್ತ ಮುನಾಫ ಒಳಗೆ ಬಂದ.

"ಸ್ವಚ್ಛ ಮಾಡಾಕತ್ತೇನಿ. ದೇವರ ಮುಂದ ಇಂಥಾ ಹೊಲಸ ಇಡಾಕ ಬರತೈತೇನು?"

"ಆಕಿನ್ನ ಕೇಳಿದ್ದೇನು?"

"ಸುತಗಿ ತೊಳ್ಯಾಕ ಸುತಗಿನ್ನ ಕೇಳ್ತಾರೇನು?"

ಮುನಾಫ ನಕ್ಕ. "ಹಂಗಾರ ನನ್ನ ಡ್ರಮ್ಮಿಗೂ ಒಂದ ಕಾಯಿ ಒಡಿಯಪಾ. ಅದರ ಮ್ಯಾಲ ಮಾತ್ರ ಒಡೀಬ್ಯಾಡ."

ತನಗೆಂದು ತರಿಸಿಟ್ಟುಕೊಂಡಿದ್ದ ನಾಲ್ಕು ಹೊಸ ತಂತಿಗಳನ್ನು ಸಿದ್ದಲಿಂಗೇಶ ಅವಳ ಬೇಸಿಗೆ ಬಿಗಿದ. ವಿಭೂತಿ ಹಚ್ಚಿ ಚೆಂಡುಹೂ ಏರಿಸಿದ. ಮಧ್ಯಾಹ್ನ ಸ್ನೇಹಲ ಬಂದು, "ಅಯ್ಯ, ನಂದs ಏನಿದು?" ಎಂದು ಕೈ ಚಾಚಿದಳು.

"ಮುಟ್ಟಬ್ಯಾಡವ್ವಾ," ಎಂದ ಪರಮೇಶ್ವರ. "ಪೂಜಿಗಿ ಇಟ್ಟದ್ದು. ನಾಳೆ ಬನ್ನಿ ಕೊಟ್ಟ ಮ್ಯಾಲೆ."

ಮರುದಿನ ಸಂಜೆ ಅವಳು ಬನ್ನಿ ಎಲೆಯನ್ನು ಎಲ್ಲರಿಗಿಂತ ಮೊದಲು ಸಿದ್ದಲಿಂಗೇಶನ ಕೈಗಿಟ್ಟು, "ಬಂಗಾರ ತಗೊಂಡು ಬಂಗಾರದಂಗ ಇರೂಣ್ರಿ ಅಣ್ಣಾರ," ಎಂದು ಬಗ್ಗಿ ಕಾಲು ಮುಟ್ಟಿದಳು. ಆಮೇಲೆ ಬೇಸು ಹಾಕಿಕೊಂಡಳು. ಮುನಾಫ ನಾಲ್ಕು ಎಣಿಸಿದ. ಅರ್ಧ ಹಾಡಿಗೇ ಪರಮೇಶ್ವರ ಕೈ ಎತ್ತಿದ.

"ಇದೇನವ್ವಾ, ತಗಡ ಬಡದಂಗ ಆಗಾಕತ್ತೈತಿ?"

ಸ್ನೇಹಲ ತಂತಿಯ ಮೇಲೆ ಬೆರಳು ಎಳೆದು ನೋಡಿದಳು. "ಹಳೇವು ಎಲ್ಲಿ ಅದಾವ್ರಿ ಅಣ್ಣಾರ?"

"ತುಕ್ಕ ಹಿಡದಿದ್ವು. ಕತ್ತರಿಸಿ ಒಗದೆ."

"ಕತ್ತರಿಸಿದ್ರಿ?"

"ಹೂಂ."

ಮುನಾಫ ಡ್ರಮ್ಮಿನ ಕೋಲುಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ತಲೆ ತಗ್ಗಿಸಿದ.

"ಇರ್ಲಿ ಬಿಡ್ರಿ," ಎಂದಳು ಅವಳು, ಪಟ್ಟಿಯನ್ನು ಭುಜದಿಂದ ತೆಗೆಯುತ್ತ.

ಪರಮೇಶ್ವರ ಇಬ್ಬರನ್ನೂ ನೋಡಿದ. "ಕಾಲೇಜಿಗಿ ನೀನs ಬಾ ಸಿದ್ಯಾ," ಎಂದ. "ಹಚ್ಚು."

ಸಿದ್ದಲಿಂಗೇಶ ಸೀರೆ ಬಿಚ್ಚಿ ಬೇಸು ತೆಗೆದ. ಒಂದು ಪೆಟ್ಟೂ ತಪ್ಪದೆ ಬಾರಿಸಿದ. ಯಾರೂ ಅವನ ಕಡೆ ನೋಡಲಿಲ್ಲ. ಎರಡನೆಯ ಹಾಡಿಗೂ ನೋಡಲಿಲ್ಲ. ಹೊರಗೆ ಕಟ್ಟೆಯ ಮೇಲೆ ಸ್ನೇಹಲ ಎದುರಿನ ಬಂಡಿಯಿಂದ ಮಿರ್ಚಿ ಭಜಿ ತಂದು ಪೇಪರು ಹರವಿ ಕುಳಿತಿದ್ದಳು. ಒಂದು ತಿಂದಳು. ಕೈ ಒರೆಸಿಕೊಳ್ಳಲಿಲ್ಲ. ಬೇಸನ್ನು ತೊಡೆಯ ಮೇಲೆ ಮಲಗಿಸಿ, ಮೊದಲ ತಂತಿಗೆ ಹೆಬ್ಬೆರಳು ಒತ್ತಿ, ತಲೆಯಿಂದ ಬುಡದತನಕ, ಸುತ್ತಿನೊಳಗೆ ಇಳಿಯುವಂತೆ ಎಣ್ಣೆ ತಿಕ್ಕಿದಳು. ಮತ್ತೆ ಮೇಲಿನಿಂದ, ನಿಧಾನ, ಜ್ವರ ಬಿಟ್ಟ ಕೂಸಿನ ನೆತ್ತಿಗೆ ಹಚ್ಚುವ ಹಾಗೆ. ಪೇಪರಿನ ಜಿಡ್ಡಿಗೆ ಬೆರಳು ಒತ್ತಿ ಇನ್ನಷ್ಟು ಎಣ್ಣೆ ತೆಗೆದುಕೊಂಡಳು.

ಡ್ರಮ್ಮು ನಿಂತಿತು.

"ಎಲ್ಲಿ ನೋಡಾಕತ್ತೀಯೋ ಸಿದ್ಯಾ?" ಎಂದ ಪರಮೇಶ್ವರ. "ತಾಳ ತಪ್ಪಿತು."

ಸ್ನೇಹಲ ಮೂರನೆಯ ತಂತಿಗೆ ಬಂದಿದ್ದಳು.